ಹಳೇ ಹುಲ್ಲು ಕತ್ತರಿಸುವ ಗಾಡಿ: ಸ್ಟೇರಿಂಗ್ ಕಾಲು ಸುತ್ತು ಖಾಲಿ ತಿರುಗುತ್ತದೆ, ಗುಜರಿಗೆ ಹಾಕುವುದೇ ದಾರಿಯಾ?

ಮೈದಾನದ_ಮೇಷ್ಟ್ರು (ಜುಲೈ 18, ರಾತ್ರಿ 9:10)

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯ ಸೇಡಂ ರಸ್ತೆ ಕಡೆ ಒಂದು ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. ನಮ್ಮ ಮೈದಾನ ಎರಡು ಎಕರೆಗಿಂತ ಸ್ವಲ್ಪ ಜಾಸ್ತಿ. ಐದು ವರ್ಷದ ಹಿಂದೆ ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡ್ ಹುಲ್ಲು ಕತ್ತರಿಸುವ ಗಾಡಿ ತಂದೆವು. ಮೇಲೆ ಕೂತು ಓಡಿಸುವಂಥದ್ದು, ನೋಡಲು ಸಣ್ಣ ಟ್ರ್ಯಾಕ್ಟರ್ ಥರ. ಹೊಟ್ಟೆ ಕೆಳಗೆ 42 ಇಂಚಿನ ಬ್ಲೇಡ್ ಡೆಕ್ ಇದೆ. ಇಂಜಿನ್ ಇವತ್ತಿಗೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ.

ತೊಂದರೆ ಇರುವುದು ಸ್ಟೇರಿಂಗ್‌ನಲ್ಲಿ. ಕಾಲು ಸುತ್ತು ತಿರುಗಿಸಿದರೂ ಮುಂದಿನ ಗಾಲಿ ಅಲ್ಲಾಡುವುದಿಲ್ಲ. ಆಮೇಲೆ ಒಮ್ಮೆಲೇ ಹಿಡಿದುಕೊಂಡು ಎಳೆಯುತ್ತದೆ. ನೇರ ಹೋಗು ಅಂದರೆ ಹಾವಿನ ಹಾಗೆ ಹೋಗುತ್ತದೆ. ಎಡಕ್ಕೆ ಪೂರ್ತಿ ತಿರುಗಿಸಿದಾಗ ಕೆಳಗಡೆ ಕಟಕಟ ಅಂತ ಹಲ್ಲು ಜಾರಿದ ಸದ್ದು ಬರುತ್ತದೆ. ಮೈದಾನದ ಅಂಚಿಗೆ ಫರಸಿ ಕಲ್ಲು ನಿಲ್ಲಿಸಿದ್ದೇವೆ, ಅದರ ಪಕ್ಕ ಓಡಿಸಲು ಈಗ ಧೈರ್ಯ ಸಾಲುತ್ತಿಲ್ಲ.

ಒಬ್ಬ ಮಿಸ್ತ್ರಿ ನೋಡಿ, ಗೇರ್ ಹೋಗಿದೆ, ಪೂರ್ತಿ ಸೆಟ್ ಹೊರದೇಶದಿಂದ ತರಿಸಬೇಕು, 14 ಸಾವಿರ ಆಗುತ್ತದೆ, ಒಂದೂವರೆ ತಿಂಗಳು ಬೇಕು ಅಂದರು. ಆಗಸ್ಟ್ 15ಕ್ಕೆ ಮಕ್ಕಳ ಕವಾಯತು ಅದೇ ಮೈದಾನದಲ್ಲಿ ಆಗಬೇಕು. ಶಾಲೆಯವರು ಗುಜರಿಗೆ ಹಾಕೋಣ ಅನ್ನುತ್ತಿದ್ದಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಇಲ್ಲೇ ರಿಪೇರಿ ಆಗುತ್ತದಾ?

ಚಿತ್ತಾಪುರ_ಹುಡುಗ

ಯಾವ ಕಂಪನಿ ಗಾಡಿ ಸರ್? ಫೋಟೋ ಹಾಕಿ.

ಮೈದಾನದ_ಮೇಷ್ಟ್ರು

ಹೆಸರಿನ ಸ್ಟಿಕ್ಕರ್ ಬಿಸಿಲಿಗೆ ಅಳಿಸಿ ಹೋಗಿದೆ. ಬಣ್ಣವೂ ಯಾರೋ ಬೇರೆ ಹೊಡೆದಿದ್ದಾರೆ. ನಾಳೆ ಫೋಟೋ ಹಾಕುತ್ತೇನೆ.

ಭಾಲ್ಕಿ_ಟ್ರ್ಯಾಕ್ಟರ್

ಸೀಟು ಎತ್ತಿ ನೋಡಿ. ಇಂಥ ಗಾಡಿಗಳಲ್ಲಿ ಮಾಡೆಲ್ ನಂಬರಿನ ಪಟ್ಟಿ ಸಾಮಾನ್ಯವಾಗಿ ಸೀಟಿನ ಕೆಳಗೆ ಇರುತ್ತದೆ. ಇಲ್ಲದಿದ್ದರೆ ಹಿಂದಿನ ಚಾಸಿ ಮೇಲೆ.

ಇನ್ನೊಂದು ಮಾತು ಸರ್. ಗೇರ್ ಹೋಗಿದೆ ಅಂತ ಮೇಲಿನಿಂದ ನೋಡಿ ಹೇಳಲು ಬರುವುದಿಲ್ಲ. ನಮ್ಮ ಟ್ರ್ಯಾಕ್ಟರಿಗೂ ಹೀಗೇ ಆಗಿತ್ತು. ಸ್ಟೇರಿಂಗ್ ಬಾಕ್ಸ್ ಬದಲಿಸಿ ಅಂದರು, ಬದಲಿಸಿದೆವು. ಪ್ಲೇ, ಅಂದರೆ ಖಾಲಿ ತಿರುಗುವ ಸಡಿಲ, ಹಾಗೇ ಉಳಿಯಿತು. ಕೊನೆಗೆ ನೋಡಿದರೆ ಟೈ ರಾಡ್ ಎಂಡ್, ಅಂದರೆ ಮುಂದಿನ ಗಾಲಿಗಳನ್ನು ಜೋಡಿಸುವ ಸರಳಿನ ತುದಿಗಳು, ಎರಡೂ ಸವೆದಿದ್ದವು. ಬಾಕ್ಸಿಗೆ ಕೊಟ್ಟ ದುಡ್ಡು ಹೋಯಿತು. ಮೊದಲು ಹುಡುಕಿ, ಆಮೇಲೆ ಕೊಳ್ಳಿ.

ವಾಡಿ_ಫಿಟ್ಟರ್_ಕಾಕಾ

ಮೇಷ್ಟ್ರೇ, ನಾನು ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆಯಲ್ಲಿ 31 ವರ್ಷ ಫಿಟ್ಟರ್ ಕೆಲಸ ಮಾಡಿದವನು. ನಿವೃತ್ತಿ ಆದಮೇಲೆ ಇಂಥ ಎರಡು ಗಾಡಿ ಬಿಚ್ಚಿ ಜೋಡಿಸಿದ್ದೇನೆ. ಭಾಲ್ಕಿಯವರು ಹೇಳಿದ್ದು ಸರಿ. ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಓದಿ.

ನೀವು ಹಿಡಿಯುವ ಸ್ಟೇರಿಂಗ್ ಚಕ್ರದಿಂದ ಒಂದು ಶಾಫ್ಟ್ ಕೆಳಗೆ ಹೋಗುತ್ತದೆ. ಅದರ ತುದಿಗೆ ಸಣ್ಣ ಗೇರ್. ಆ ಗೇರ್ ಬೀಸಣಿಗೆ ಆಕಾರದ ಒಂದು ಹಲ್ಲಿನ ತಟ್ಟೆಯನ್ನು ತಿರುಗಿಸುತ್ತದೆ. ಆ ತಟ್ಟೆ ಒಂದೇ ಒಂದು ಬೋಲ್ಟಿನ ಮೇಲೆ ಆಡುತ್ತದೆ. ತಟ್ಟೆಯಿಂದ ಒಂದು ಸರಳು ಮುಂದಿನ ಗಾಲಿಯ ತೋಳಿಗೆ ಹೋಗುತ್ತದೆ. ಅಲ್ಲಿಂದ ಟೈ ರಾಡ್ ಇನ್ನೊಂದು ಗಾಲಿಗೆ. ಗಾಲಿಯ ಸ್ಪಿಂಡಲ್, ಅಂದರೆ ಗಾಲಿ ಕೂತಿರುವ ಕಂಬಿ, ಅಚ್ಚಿನ ತುದಿಯ ತೂತಿನಲ್ಲಿ ಬುಷ್ (ಸವೆತ ತಡೆಯುವ ಸಣ್ಣ ಕೊಳವೆ) ಒಳಗೆ ತಿರುಗುತ್ತದೆ. ಅಚ್ಚು ಕೂಡ ನಡುವೆ ಒಂದು ಬೋಲ್ಟಿನ ಮೇಲೆ ತೂಗುತ್ತದೆ, ಏರು ತಗ್ಗಿಗೆ ಬೇಕಲ್ಲ ಅದಕ್ಕೆ.

ಎಣಿಸಿ ನೋಡಿ. ಸವೆಯುವ ಜಾಗ ಎಂಟೋ ಹತ್ತೋ ಆಗುತ್ತವೆ. ಒಂದೊಂದರಲ್ಲಿ ಒಂದು ಮಿ.ಮೀ. ಸಡಿಲ ಆದರೂ ನಿಮ್ಮ ಕೈಗೆ ಬರುವಷ್ಟರಲ್ಲಿ ಅದು ಕಾಲು ಸುತ್ತು ಆಗಿಬಿಡುತ್ತದೆ.

ಹುಡುಕುವ ಕ್ರಮ ಹೇಳುತ್ತೇನೆ. ಇಂಜಿನ್ ಬಂದ್ ಮಾಡಿ, ಚಾವಿ ತೆಗೆದು ಜೇಬಿಗೆ ಹಾಕಿಕೊಳ್ಳಿ. ಸ್ಪಾರ್ಕ್ ಪ್ಲಗ್ಗಿನ ವೈರ್ ಎಳೆದು ಬದಿಗೆ ಇಡಿ. ಗಾಡಿ ಸಮನೆಲದ ಮೇಲೆ ಇರಲಿ, ಮುಂದಿನ ಗಾಲಿ ನೆಲಕ್ಕೆ ಊರಿರಲಿ, ಎತ್ತಬೇಡಿ. ಒಬ್ಬರು ಚಕ್ರವನ್ನು ಆಚೆ ಈಚೆ ಸ್ವಲ್ಪ ಸ್ವಲ್ಪ ಅಲ್ಲಾಡಿಸಬೇಕು. ನೀವು ಪಕ್ಕದಲ್ಲಿ ಮಲಗಿ ಒಂದೊಂದೇ ಜೋಡಣೆ ಮೇಲೆ ಬೆರಳು ಇಡಬೇಕು. ಈ ಭಾಗ ಅಲ್ಲಾಡುತ್ತದೆ, ಅದರ ಮುಂದಿನದು ಅಲ್ಲಾಡುವುದಿಲ್ಲ ಅಂದರೆ ಸಡಿಲ ಆ ಎರಡರ ನಡುವೆ ಇದೆ. ಕಣ್ಣಿಗಿಂತ ಬೆರಳಿಗೆ ಬೇಗ ಗೊತ್ತಾಗುತ್ತದೆ.

ಚಕ್ರದ ಅಂಚಿಗೆ ಕಾಗದದ ಟೇಪ್ ಅಂಟಿಸಿ, ಖಾಲಿ ತಿರುಗುವುದು ಎಷ್ಟು ಇಂಚು ಅಂತ ಗುರುತು ಹಾಕಿ. ಮೊದಲು ಎಷ್ಟು, ಒಂದೊಂದು ಕೆಲಸ ಆದಮೇಲೆ ಎಷ್ಟು, ಬರೆದಿಡಿ.

ಯಾದಗಿರಿ_ವೆಲ್ಡರ್

ಇಷ್ಟೆಲ್ಲಾ ಯಾಕೆ? ಹಲ್ಲು ಸವೆದಿದ್ದರೆ ವೆಲ್ಡಿಂಗ್ ತುಂಬಿ ಫೈಲ್ ಹೊಡೆದರೆ ಮುಗಿಯಿತು. ಮೇವು ಕತ್ತರಿಸುವ ಮಷೀನಿನ ಗೇರಿಗೆ ನಾನೇ ಮಾಡಿ ಕೊಟ್ಟಿದ್ದೇನೆ. ಮೂರು ವರ್ಷ ಆಯಿತು, ಓಡುತ್ತಿದೆ.

ವಾಡಿ_ಫಿಟ್ಟರ್_ಕಾಕಾ

ತಮ್ಮಾ, ಮೇವಿನ ಮಷೀನಿನ ಗೇರ್ ದಪ್ಪ ಎರಕದ್ದು. ಇದು ಒತ್ತಿ ಕತ್ತರಿಸಿದ ತಟ್ಟೆ, ಐದಾರು ಮಿ.ಮೀ. ದಪ್ಪ ಅಷ್ಟೇ. ಸಣ್ಣ ಹಲ್ಲು. ಅಷ್ಟು ಕಾವು ಕೊಟ್ಟರೆ ತಟ್ಟೆ ಸೊಟ್ಟ ಆಗುತ್ತದೆ. ಫೈಲಿನಲ್ಲಿ ಹಲ್ಲಿನ ಆಕಾರ ಸರಿ ತರುವುದು ಬಹಳ ಕಷ್ಟ. ಒಂದು ಹಲ್ಲು ಬಿಗಿ, ಇನ್ನೊಂದು ಸಡಿಲ ಆಗಿ ಸ್ಟೇರಿಂಗ್ ನಡುವೆ ಸಿಕ್ಕಿಹಾಕಿಕೊಂಡರೆ? ಸಡಿಲ ಇರುವುದಕ್ಕಿಂತ ಅದು ಅಪಾಯ.

ಯಾದಗಿರಿ_ವೆಲ್ಡರ್

ಸಿಕ್ಕಿಹಾಕಿಕೊಳ್ಳುವ ಮಾತು ಒಪ್ಪುತ್ತೇನೆ ಕಾಕಾ. ಆದರೆ ವೆಲ್ಡಿಂಗೇ ಬೇಡ ಅನ್ನಬೇಡಿ. ತೂತು ಸವೆದು ಮೊಟ್ಟೆ ಆಕಾರ ಆಗಿದ್ದರೆ ಏನು ಮಾಡುತ್ತೀರಿ? ಅಲ್ಲಿ ನಮ್ಮ ಕೆಲಸವೇ ಬೇಕು.

ವಾಡಿ_ಫಿಟ್ಟರ್_ಕಾಕಾ

ಅದು ಖರೆ. ತೂತಿಗೆ ನಿಮ್ಮ ಕೈಯೇ ಬೇಕು.

ಆಳಂದ_ರೈತ_ಅಕ್ಕ

ಮೇಷ್ಟ್ರೇ, ಈಗ ತೊಗರಿಯಲ್ಲಿ ಎಡೆ ಹೊಡೆಯುವ ಕೆಲಸ ಇದೆ, ಸಂಕ್ಷಿಪ್ತವಾಗಿ ಹೇಳುತ್ತೇನೆ. ಕಿಂಗ್ ಪಿನ್ ನೋಡಿ. ನಿಮ್ಮ ಗಾಡಿಯಲ್ಲಿ ಅದನ್ನೇ ಸ್ಪಿಂಡಲ್ ಅನ್ನುತ್ತಾರೆ. ಮುಂದಿನ ಭಾಗ ಜಾಕ್ ಮೇಲೆ ಎತ್ತಿ, ಕೆಳಗೆ ಮರದ ದಿಮ್ಮಿ ಕೊಟ್ಟು, ಗಾಲಿಯ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಇಟ್ಟು ಒಳಗೆ ಹೊರಗೆ ಜಗ್ಗಿ. ಟಕ್ ಟಕ್ ಅಂದರೆ ಬುಷ್ ಹೋಗಿದೆ. ಜಾಕ್ ಒಂದನ್ನೇ ನಂಬಿ ಕೆಳಗೆ ಹೋಗಬೇಡಿ. ಎರೆ ಮಣ್ಣಿನಲ್ಲಿ ಜಾಕ್ ನಿಧಾನಕ್ಕೆ ಇಳಿಯುತ್ತದೆ, ಗೊತ್ತೇ ಆಗುವುದಿಲ್ಲ.

ಚಿತ್ತಾಪುರ_ಹುಡುಗ

ನಾಲ್ಕು ಕುರಿ ಬಿಟ್ಟರೆ ಹುಲ್ಲಿನ ಚಿಂತೆಯೇ ಇಲ್ಲ ಅಲ್ವಾ? ನಮ್ಮೂರ ಶಾಲೆಯಲ್ಲಿ ಹಾಗೇ ಮಾಡುತ್ತಾರೆ.

ಆಳಂದ_ರೈತ_ಅಕ್ಕ

ಕುರಿ ಗರಿಕೆ ತಿನ್ನುತ್ತದೆ, ಕಾಂಗ್ರೆಸ್ ಕಸ ಬಿಡುತ್ತದೆ. ಆಮೇಲೆ ಮೈದಾನ ತುಂಬಾ ಅದೇ. ಆ ಕಸ ಮೈಗೆ ತಾಗಿದರೆ ಮಕ್ಕಳಿಗೆ ತುರಿಕೆ. ಹೂ ಬಿಡುವ ಮೊದಲೇ ಬೇರು ಸಮೇತ ಕಿತ್ತುಬಿಡಬೇಕು, ಕೈಗೆ ಗವಸು ಹಾಕಿಕೊಂಡು.

ಮೈದಾನದ_ಮೇಷ್ಟ್ರು (ಜುಲೈ 20, ಸಂಜೆ 6:30)

ಕಾಕಾ, ಅಕ್ಕಾ, ಎಲ್ಲರಿಗೂ ಧನ್ಯವಾದ. ಇವತ್ತು ಭಾನುವಾರ, ನಾನು ಮತ್ತು ನಮ್ಮ ಶಾಲೆಯ ಬಸ್ ಡ್ರೈವರ್ ಕೂತು ನೋಡಿದೆವು. ಟೇಪ್ ಅಂಟಿಸಿ ಅಳೆದರೆ ಚಕ್ರದ ಅಂಚಿನಲ್ಲಿ ಒಂಬತ್ತು ಇಂಚು ಖಾಲಿ ತಿರುಗುತ್ತದೆ.

ಬೆರಳಿಟ್ಟು ನೋಡಿದಾಗ ನಿಜವಾಗಿ ಆಶ್ಚರ್ಯ ಆಯಿತು. ಹಲ್ಲಿನ ತಟ್ಟೆ ತಿರುಗುವ ಮೊದಲು ತಟ್ಟೆಯೇ ಪೂರ್ತಿಯಾಗಿ ಪಕ್ಕಕ್ಕೆ ಸರಿಯುತ್ತದೆ! ಅದರ ನಡುವಿನ ಬೋಲ್ಟ್ ಸಡಿಲ, ತೂತು ಮೊಟ್ಟೆ ಆಕಾರ. ಶಾಫ್ಟಿನ ಕೆಳಗಿನ ಪ್ಲಾಸ್ಟಿಕ್ ಬುಷ್ ಅರ್ಧ ಮುರಿದು ಬಿದ್ದಿದೆ. ಎಡಗಾಲಿ ಜಗ್ಗಿದರೆ ಟಕ್ ಟಕ್ ಅನ್ನುತ್ತದೆ, ಬಲಗಾಲಿ ಪರವಾಗಿಲ್ಲ. ಟೈ ರಾಡಿನ ಒಂದು ಬಾಲ್ ಜಾಯಿಂಟ್ ಕೈಯಲ್ಲೇ ಮೇಲೆ ಕೆಳಗೆ ಆಡುತ್ತದೆ. ರಾಡ್ ಕೂಡ ಸ್ವಲ್ಪ ಬಗ್ಗಿದೆ, ಹಿಂದೆ ಯಾವಾಗಲೋ ಫರಸಿ ಕಲ್ಲಿಗೆ ಹೊಡೆದಿತ್ತು.

ಹಲ್ಲು ನೋಡಿದೆ. ನಡುವಿನ ನಾಲ್ಕೈದು ಹಲ್ಲು ಸವೆದಿವೆ, ಆದರೆ ತುದಿಯ ಅರ್ಧ ಭಾಗ ಮಾತ್ರ. ಪಕ್ಕದ ಹಲ್ಲುಗಳು ಹೊಸದರ ಹಾಗೇ ಇವೆ.

ವಾಡಿ_ಫಿಟ್ಟರ್_ಕಾಕಾ

ಸಿಕ್ಕಿತಲ್ಲ! ನಿಮ್ಮ ಕಟಕಟ ಸದ್ದಿನ ಮೂಲ ಅದೇ. ಜೋರು ಬಿದ್ದಾಗ ತಟ್ಟೆ ಒಂದು ಕಡೆ, ಶಾಫ್ಟ್ ಇನ್ನೊಂದು ಕಡೆ ಸರಿಯುತ್ತದೆ. ಹಲ್ಲಿನ ತುದಿ ತುದಿ ಮಾತ್ರ ತಾಗಿ ಜಾರುತ್ತದೆ. ತುದಿ ಮಾತ್ರ ಸವೆದಿರುವುದೂ ಅದಕ್ಕೇ. ಎರಡನ್ನೂ ಸ್ವಂತ ಜಾಗಕ್ಕೆ ತಂದರೆ ಹಲ್ಲು ಆಳಕ್ಕೆ ಕೂರುತ್ತದೆ. ಕೆಳಗಿನ ಸವೆಯದ ಭಾಗ ಕೆಲಸಕ್ಕೆ ಬರುತ್ತದೆ. 14 ಸಾವಿರದ ಸೆಟ್ ಬೇಡ.

ಇನ್ನೊಂದು ಉಪಾಯ. ನೇರ ಹೋಗುವಾಗ ಸಣ್ಣ ಗೇರಿನ ಅದೇ ಎರಡು ಮೂರು ಹಲ್ಲು ಯಾವಾಗಲೂ ಕೆಲಸ ಮಾಡುತ್ತವೆ. ಬಿಚ್ಚಿದಾಗ ಆ ಗೇರನ್ನು ಅರ್ಧ ಸುತ್ತು ತಿರುಗಿಸಿ ಜೋಡಿಸಿ. ಕಡಿಮೆ ಸವೆದ ಹಲ್ಲು ನಡುವಿಗೆ ಬರುತ್ತವೆ. ಮೇಲಿನ ಚಕ್ರವನ್ನೂ ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಸರಿಯಾಗುತ್ತದೆ. ಬಿಚ್ಚುವ ಮೊದಲು ಗಾಲಿ ನೇರ ಇಟ್ಟು, ಗೇರಿಗೂ ತಟ್ಟೆಗೂ ಬಿಳಿ ಬಣ್ಣದ ಗುರುತು ಹಾಕಿ.

ಯಾದಗಿರಿ_ವೆಲ್ಡರ್

ತಟ್ಟೆಯ ತೂತಿಗೆ ನಾನು ಹೇಳುತ್ತೇನೆ ಸರ್. ದಪ್ಪ ವಾಷರ್ ತೆಗೆದುಕೊಳ್ಳಿ, ಅದರ ತೂತು ಹೊಸ ಬೋಲ್ಟಿಗೆ ಸರಿಯಾಗಿ ಬಿಗಿ ಇರಬೇಕು. ತಟ್ಟೆಯ ಎರಡೂ ಬದಿಗೆ ಒಂದೊಂದು ಇಟ್ಟು, ಬೋಲ್ಟ್ ತೂರಿಸಿ, ಹಳೇ ತೂತಿನ ನಟ್ಟನಡುವೆ ಬರುವ ಹಾಗೆ ಹೊಂದಿಸಿ. ಸವೆದ ಕಡೆಗೆ ಹೊಂದಿಸಬೇಡಿ! ಆಮೇಲೆ ನಾಲ್ಕು ಕಡೆ ಚುಕ್ಕಿ ವೆಲ್ಡಿಂಗ್. ಒಂದು ಚುಕ್ಕಿ ಇಟ್ಟು, ಆರಲು ಬಿಟ್ಟು, ಎದುರಿನ ಚುಕ್ಕಿ. ಹಾಗೆ ಮಾಡಿದರೆ ಸೊಟ್ಟ ಆಗುವುದಿಲ್ಲ. ಎರಡು ವಾಷರಿನ ದಪ್ಪಕ್ಕೆ ತಟ್ಟೆ ಮೇಲೆ ಕೆಳಗೆ ಸರಿದು ಗೇರಿಗೆ ಹೊಂದದೆ ಹೋಗಬಾರದು, ಅದನ್ನು ಮೊದಲೇ ಅಳೆದುಕೊಳ್ಳಿ.

ತಟ್ಟೆ ಬಿಚ್ಚಿ ಹೊರಗೆ ತಂದೇ ವೆಲ್ಡಿಂಗ್ ಮಾಡಿಸಿ. ಗಾಡಿಯ ಮೇಲೇ ಮಾಡಲೇಬೇಕಾದರೆ ಮೊದಲು ಬ್ಯಾಟರಿಯ ವೈರ್ ಕಳಚಿ. ಪೆಟ್ರೋಲ್ ಟ್ಯಾಂಕ್ ಹತ್ತಿರ ಇದ್ದರೆ ಟ್ಯಾಂಕ್ ಇಳಿಸಿ.

ಭಾಲ್ಕಿ_ಟ್ರ್ಯಾಕ್ಟರ್

ಬೋಲ್ಟ್ ವಿಷಯ. ಪೂರ್ತಿ ಚೂಡಿ (ಥ್ರೆಡ್) ಇರುವ ಬೋಲ್ಟ್ ಹಾಕಬೇಡಿ. ತೂತಿನ ಒಳಗೆ ಬರುವ ಭಾಗ ನುಣ್ಣಗೆ ಇರಬೇಕು. ಚೂಡಿ ಒಳಗೆ ಬಂದರೆ ಅದೇ ಫೈಲಿನ ಹಾಗೆ ತೂತನ್ನು ತಿನ್ನುತ್ತದೆ. ತಲೆ ಮೇಲೆ 8.8 ಅಂತ ಬರೆದಿರುವ ಗಟ್ಟಿ ಬೋಲ್ಟ್ ಕೇಳಿ ತನ್ನಿ, ತಾನಾಗಿ ಸಡಿಲ ಆಗದ ನೈಲಾಕ್ ನಟ್ ಹಾಕಿ.

ಕಪನೂರ_ಲೇತ್

ಮೇಷ್ಟ್ರೇ, ನಾನು ಕಪನೂರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಲೇತ್ ನಡೆಸುತ್ತೇನೆ. ಒಂದು ಎಚ್ಚರಿಕೆ. ಇಂಥವು ಹೆಚ್ಚಾಗಿ ಅಮೆರಿಕದ ಗಾಡಿಗಳು, ಅಳತೆ ಎಲ್ಲಾ ಇಂಚಿನಲ್ಲಿ ಇರುತ್ತದೆ. ಸ್ಪಿಂಡಲ್ ಮುಕ್ಕಾಲು ಇಂಚು ಅಂದರೆ 19.05 ಮಿ.ಮೀ. ಅಂಗಡಿಯವರು 20ರ ಬುಷ್ ಕೊಡುತ್ತಾರೆ, ಸುಮಾರಾಗಿ ಕೂರುತ್ತದೆ ಅನ್ನುತ್ತಾರೆ. ತೆಗೆದುಕೊಳ್ಳಬೇಡಿ, ಸುಮಾರು ಒಂದು ಮಿ.ಮೀ. ಪ್ಲೇ ನೀವೇ ದುಡ್ಡು ಕೊಟ್ಟು ಹಾಕಿಸಿಕೊಂಡ ಹಾಗೆ. ಮೂರು ಸೂತಿನ (3/8 ಇಂಚಿನ) ಬೋಲ್ಟ್ ಅಂದರೆ 9.5 ಮಿ.ಮೀ., ಅಲ್ಲಿ 10ರ ಬೋಲ್ಟ್ ಹೋಗುವುದಿಲ್ಲ.

ಸ್ಪಿಂಡಲ್ ಬಿಚ್ಚಿ ತನ್ನಿ, ಅಚ್ಚನ್ನೂ ತನ್ನಿ. ಸ್ಪಿಂಡಲಿನ ಪಿನ್ನಿಗೆ ನೋಡಿ ಗನ್‌ಮೆಟಲ್ (ಒಂದು ಬಗೆಯ ಕಂಚು) ಬುಷ್ ಮಾಡಬೇಕು. ಪಿನ್ ಒಂದು ಕಡೆ ಸವೆದಿದ್ದರೆ ಹೊಸ ಬುಷ್ ಹಾಕಿಯೂ ಪ್ರಯೋಜನ ಇಲ್ಲ.

ರಾಯಚೂರು_ರಸ್ತೆ

ಗನ್‌ಮೆಟಲ್ ಬುಷ್ ಯಾಕೆ, ನೈಲಾನ್ ಹಾಕಿಸಿ. ಗ್ರೀಸ್ ಬೇಡ, ತುಕ್ಕು ಇಲ್ಲ, ಅಗ್ಗ.

ಕಪನೂರ_ಲೇತ್

ನೈಲಾನ್ ನೀರು ಹೀರಿ ಉಬ್ಬುತ್ತದೆ. ಮಳೆಗಾಲದಲ್ಲಿ ಸ್ಟೇರಿಂಗ್ ಬಿಗಿ ಆಯಿತು ಅಂತ ಜನ ವಾಪಸ್ ಬರುತ್ತಾರೆ. ಸ್ಟೇರಿಂಗ್ ಶಾಫ್ಟಿನ ಕೆಳಗೆ, ಒಣ ಜಾಗದಲ್ಲಿ ನೈಲಾನ್ ಸರಿ. ಗಾಲಿ ಹತ್ತಿರ, ಒದ್ದೆ ಹುಲ್ಲು, ಕೆಸರು ಇರುವ ಕಡೆ ನಾನು ಗನ್‌ಮೆಟಲ್ಲೇ ಹಾಕುವುದು. ಜೊತೆಗೆ ಗ್ರೀಸ್ ತುಂಬುವ ಸಣ್ಣ ಮೂತಿ, ಗ್ರೀಸ್ ನಿಪ್ಪಲ್, ಕೂರಿಸಿ ಕೊಡುತ್ತೇನೆ.

ರಾಯಚೂರು_ರಸ್ತೆ

ನಮ್ಮ ಗಾಡಿಯಲ್ಲಿ ನೈಲಾನ್ ನಾಲ್ಕು ವರ್ಷ ಬಂತು. ಉಬ್ಬಿದ್ದು ಕಾಣಲಿಲ್ಲ.

ಕಪನೂರ_ಲೇತ್

ಒಳಗೆ ಸ್ವಲ್ಪ ಜಾಗ ಬಿಟ್ಟು ಮಾಡಿರುತ್ತಾರೆ ಅಣ್ಣಾ, ಹಾಗಾಗಿ ಬಂದಿದೆ. ಬಿಟ್ಟ ಜಾಗವೇ ಪ್ಲೇ ಅಲ್ವಾ? ಇವರಿಗೆ ಬೇಕಾದದ್ದು ಪ್ಲೇ ತೆಗೆಯುವುದು.

ಬೀದರ್_ಕೆಂಪು_ಮಣ್ಣು

ಎಲ್ಲಾ ಜೋಡಿಸಿದ ಮೇಲೆ ಹಲ್ಲಿಗೆ ಚೆನ್ನಾಗಿ ಗ್ರೀಸ್ ಮೆತ್ತಿಬಿಡಿ, ಹತ್ತು ವರ್ಷ ನೋಡುವ ಹಾಗಿಲ್ಲ.

ವಾಡಿ_ಫಿಟ್ಟರ್_ಕಾಕಾ

ಇದನ್ನು ನಾನು ಒಪ್ಪುವುದಿಲ್ಲ. ಗೇರ್ ಮುಚ್ಚಿದ ಡಬ್ಬಿಯಲ್ಲಿ ಇದ್ದರೆ ಗ್ರೀಸ್ ತುಂಬಿ. ಇದು ಬಯಲಿಗೆ ಬಿದ್ದಿರುವ ಗೇರ್, ಪಕ್ಕದಲ್ಲೇ ಬ್ಲೇಡ್ ಧೂಳು ಎಬ್ಬಿಸುತ್ತದೆ. ದಪ್ಪ ಗ್ರೀಸ್ ಮೆತ್ತಿದರೆ ಮರಳು, ಧೂಳು ಎಲ್ಲಾ ಅಂಟಿ ಉಜ್ಜುವ ಪೇಸ್ಟ್ ಆಗುತ್ತದೆ. ಸಿಮೆಂಟ್ ಧೂಳಿನ ನಡುವೆ ಜೀವಮಾನ ಕಳೆದವನು ನಾನು, ಹಾಗೆ ತಿಂದು ಹೋದ ಗೇರ್ ಎಷ್ಟೋ ನೋಡಿದ್ದೇನೆ.

ಬೀದರ್_ಕೆಂಪು_ಮಣ್ಣು

ಕಾಕಾ, ಒಣಗಿದ ಲೋಹದ ಮೇಲೆ ಲೋಹ ಉಜ್ಜಿದರೂ ಸವೆಯುತ್ತದಲ್ಲ? ನಮ್ಮ ಕಡೆ ಮಳೆಗೆ ತುಕ್ಕು ಬೇರೆ.

ವಾಡಿ_ಫಿಟ್ಟರ್_ಕಾಕಾ

ಒಣಗಿಸಿ ಇಡಿ ಅನ್ನಲಿಲ್ಲ ನಾನು. ಬ್ರಷ್‌ನಲ್ಲಿ ತೆಳುವಾಗಿ ಸವರಿ, ಬಟ್ಟೆಯಲ್ಲಿ ಒರೆಸಿ. ತಿಂಗಳಿಗೊಮ್ಮೆ ಸೀಮೆಎಣ್ಣೆ ಅಥವಾ ಡೀಸೆಲ್ ಹಾಕಿ ತೊಳೆದು ಮತ್ತೆ ತೆಳುವಾಗಿ ಸವರಿ. ನಿಪ್ಪಲ್ ಇರುವ ಕಡೆ ಮಾತ್ರ ಗ್ರೀಸ್ ಗನ್ ಒತ್ತಿ. ಹಳೇ ಕಪ್ಪು ಗ್ರೀಸ್ ಪೂರ್ತಿ ಹೊರಗೆ ಬಂದು ಹೊಸದು ಕಾಣುವವರೆಗೆ ಒತ್ತಿ.

ಬೀದರ್_ಕೆಂಪು_ಮಣ್ಣು

ಹಾಗಾದರೆ ಸರಿ. ತಿಂಗಳಿಗೊಮ್ಮೆ ತೊಳೆಯುವವರು ಇದ್ದರೆ ಮಾತ್ರ.

ಚಿತ್ತಾಪುರ_ಹುಡುಗ

ಬಾಲ್ ಜಾಯಿಂಟ್ ಎಲ್ಲಿ ಸಿಗುತ್ತದೆ? ಇಂಚಿನದು ಇಲ್ಲಿ ಸಿಗುವುದೇ ಇಲ್ಲವಲ್ಲ.

ಕಪನೂರ_ಲೇತ್

ಇಂಚಿನದು ಹುಡುಕುತ್ತಾ ಕೂರಬೇಡಿ. ಅದರ ಬದಲು ಬೇರಿಂಗ್ ಅಂಗಡಿಯಲ್ಲಿ 10 ಮಿ.ಮೀ. ರಾಡ್ ಎಂಡ್ (ಒಳಗೆ ಗುಂಡು ಆಡುವ ಜೋಡಣೆ) ಸಿಗುತ್ತದೆ. ಇಲ್ಲಿ ಸಿಗದಿದ್ದರೆ ಸಿಕಂದರಾಬಾದಿನ ರಾಣಿಗಂಜ್‌ನಲ್ಲಿ ಖಂಡಿತ ಸಿಗುತ್ತದೆ. ಒಂದು ಎಡಚೂಡಿದು, ಒಂದು ಬಲಚೂಡಿದು ತನ್ನಿ. ಬಗ್ಗಿದ ರಾಡ್ ಬಿಸಾಡಿ. 12 ಮಿ.ಮೀ. ಬ್ರೈಟ್ ಬಾರ್‌ನಲ್ಲಿ (ನುಣುಪಾದ ಉಕ್ಕಿನ ಸರಳು) ಹೊಸ ರಾಡ್ ಮಾಡಿ ಎರಡು ತುದಿಗೆ ಚೂಡಿ ಹಾಕಿ ಕೊಡುತ್ತೇನೆ. ಆಗ ರಾಡನ್ನು ಸುಮ್ನೆ ತಿರುಗಿಸಿದರೆ ಉದ್ದ ಹೆಚ್ಚು ಕಡಿಮೆ ಆಗುತ್ತದೆ, ಗಾಲಿ ನೇರ ಮಾಡಲು ಸುಲಭ. ಗಾಲಿಯ ತೋಳಿನ ತೂತು 9.5 ಇರುತ್ತದೆ, 10ಕ್ಕೆ ಡ್ರಿಲ್ ಮಾಡಿದರೆ ಸಾಕು.

ಆಳಂದ_ರೈತ_ಅಕ್ಕ

ರಾಡ್ ಎಂಡಿಗೆ ರಬ್ಬರ್ ಟೊಪ್ಪಿಗೆ ಇರುವುದಿಲ್ಲ, ಧೂಳು ನೇರ ಒಳಗೆ ಹೋಗುತ್ತದೆ. ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ಮೇಲೆ ಹಾಕಿ ತಂತಿಯಿಂದ ಕಟ್ಟಿ. ನಮ್ಮ ಹಳೇ ಟ್ರ್ಯಾಕ್ಟರಿಗೆ ಹಾಗೇ ಮಾಡಿದ್ದೇವೆ.

ಭಾಲ್ಕಿ_ಟ್ರ್ಯಾಕ್ಟರ್

ಟೈರಿನ ಗಾಳಿ ಕೇಳಲೇ ಇಲ್ಲ ಯಾರೂ! ಮುಂದಿನ ಟೈರಿಗೆ ಎಷ್ಟು ಹಾಕಿಸುತ್ತೀರಿ ಸರ್?

ಮೈದಾನದ_ಮೇಷ್ಟ್ರು

ಪಂಕ್ಚರ್ ಅಂಗಡಿಯವರು ಬೈಕಿಗೆ ಹಾಕಿದ ಹಾಗೆ ಹಾಕುತ್ತಾರೆ, 30 ಇರಬಹುದು.

ಭಾಲ್ಕಿ_ಟ್ರ್ಯಾಕ್ಟರ್

ಬಹಳ ಜಾಸ್ತಿ. ಇಂಥ ಸಣ್ಣ ಗಾಡಿಯ ಮುಂದಿನ ಟೈರಿಗೆ 14 ಪಿಎಸ್‌ಐ ಆಸುಪಾಸು ಸಾಕು. ಟೈರಿನ ಬದಿಯಲ್ಲೇ ಗರಿಷ್ಠ ಎಷ್ಟು ಅಂತ ಅಚ್ಚು ಹಾಕಿರುತ್ತಾರೆ, ಅದನ್ನು ದಾಟಬಾರದು. ಗಟ್ಟಿ ಟೈರ್ ಒಂದೊಂದು ಹೆಂಟೆಗೂ ಪುಟಿಯುತ್ತದೆ. ಆ ಏಟೆಲ್ಲಾ ಬುಷ್‌ಗೆ, ಹಲ್ಲಿಗೆ ಹೋಗುತ್ತದೆ. ಎರಡೂ ಬದಿಗೆ ಒಂದೇ ಸಮ ಇರಲಿ.

ಮೈದಾನದ_ಮೇಷ್ಟ್ರು (ಆಗಸ್ಟ್ 2, ರಾತ್ರಿ 8:45)

ಗಾಡಿ ಇವತ್ತು ಮೈದಾನಕ್ಕೆ ಇಳಿಯಿತು. ಎಲ್ಲಾ ಬರೆಯುತ್ತೇನೆ, ನನ್ನ ಹಾಗೆ ಇನ್ನೊಬ್ಬರು ಹುಡುಕಿಕೊಂಡು ಬಂದರೆ ಉಪಯೋಗ ಆಗಲಿ.

ತಟ್ಟೆಯ ತೂತಿಗೆ ವಾಷರ್ ವೆಲ್ಡಿಂಗ್ ಮಾಡಿಸಿ, 8.8 ಬೋಲ್ಟ್ ಹಾಕಿದೆವು. ಅಷ್ಟಕ್ಕೇ ಒಂಬತ್ತು ಇಂಚಿನ ಪ್ಲೇ ನಾಲ್ಕೂವರೆಗೆ ಇಳಿಯಿತು. ಕಟಕಟ ಸದ್ದು ಅಲ್ಲೇ ನಿಂತಿತು. ಶಾಫ್ಟಿನ ಕೆಳಗೆ ಹೊಸ ನೈಲಾನ್ ಬುಷ್ ಹಾಕಿ, ಸಣ್ಣ ಗೇರ್ ಅರ್ಧ ಸುತ್ತು ತಿರುಗಿಸಿ ಕೂರಿಸಿದ ಮೇಲೆ ಮೂರಕ್ಕೆ ಬಂತು. ಎಡಗಾಲಿಗೆ ಗನ್‌ಮೆಟಲ್ ಬುಷ್, ಹೊಸ ಟೈ ರಾಡ್, ಎರಡು ರಾಡ್ ಎಂಡ್. ಈಗ ಒಂದೂವರೆ ಇಂಚು ಉಳಿದಿದೆ.

ಗಾಲಿ ನೇರ ಮಾಡುವಾಗ ಮೊದಲ ಸಲ ತಪ್ಪಾಯಿತು. ಎರಡೂ ಗಾಲಿ ಹೊರಗೆ ಮುಖ ಮಾಡಿದ್ದವು, ಓಡಿಸಿದರೆ ಆ ಕಡೆ ಈ ಕಡೆ ಎಳೆಯುತ್ತಿತ್ತು. ಕಾಕಾ ಫೋನಿನಲ್ಲಿ ಹೇಳಿದ ಹಾಗೆ, ಅಚ್ಚಿನ ಎತ್ತರದಲ್ಲಿ ಎರಡು ಟೈರಿನ ನಡುವೆ ಮುಂದೆಯೂ ಹಿಂದೆಯೂ ಅಳೆದು, ಮುಂದಿನ ಅಳತೆ 3 ಮಿ.ಮೀ. ಕಡಿಮೆ ಇರುವ ಹಾಗೆ ರಾಡ್ ತಿರುಗಿಸಿ ಬಿಗಿ ಮಾಡಿದೆವು. ಗಾಳಿ 14ಕ್ಕೆ ಇಳಿಸಿದೆವು. ಅಂಚಿನ ಕಲ್ಲಿನ ಪಕ್ಕ ಒಂದು ಗೇಣು ಬಿಟ್ಟು ನೇರ ಓಡಿಸಿದೆ, ಕೈ ಹಗುರ ಆಗಿದೆ.

ಲೇತ್, ವೆಲ್ಡಿಂಗ್, ಸಾಮಾನು ಎಲ್ಲಾ ಸೇರಿ 2,350 ರೂಪಾಯಿ. ನೋಡಿದ ಮೇಲೆ ಶಾಲೆಯವರು ಗುಜರಿ ಮಾತು ಬಿಟ್ಟರು.

ಯಾದಗಿರಿ_ವೆಲ್ಡರ್

ಬಹಳ ಖುಷಿ ಆಯಿತು ಸರ್. ಉಳಿದ ಒಂದೂವರೆ ಇಂಚನ್ನೂ ತೆಗೆಯಬಹುದಾ ಕಾಕಾ?

ವಾಡಿ_ಫಿಟ್ಟರ್_ಕಾಕಾ

ಬೇಡ. ಅಷ್ಟು ಇರಬೇಕು. ಪೂರ್ತಿ ಬಿಗಿ ಮಾಡಿದರೆ ತುದಿಯ ಸವೆಯದ ಹಲ್ಲಿಗೆ ಬಂದಾಗ ಕಚ್ಚಿಕೊಳ್ಳುತ್ತದೆ. ಮೇಷ್ಟ್ರೇ, ಹತ್ತು ಗಂಟೆ ಓಡಿಸಿದ ಮೇಲೆ ಎಲ್ಲಾ ನಟ್ಟಿಗೆ ಒಮ್ಮೆ ಪಾನಾ ಹಾಕಿ ನೋಡಿ, ಹೊಸ ಜೋಡಣೆ ಕೂತ ಮೇಲೆ ಸ್ವಲ್ಪ ಸಡಿಲ ಆಗುತ್ತದೆ. ಟೈ ರಾಡಿನ ಲಾಕ್ ನಟ್ ಮೊದಲು. ತೊಳೆಯುವಾಗ ಬುಷ್ ಇರುವ ಕಡೆ ಪೈಪಿನಿಂದ ಜೋರು ನೀರು ಹೊಡೆಯಬೇಡಿ.

ಆಳಂದ_ರೈತ_ಅಕ್ಕ

ಮಳೆ ಬಿದ್ದ ಎರಡು ದಿನ ಮೈದಾನಕ್ಕೆ ಇಳಿಸಲೂ ಬೇಡಿ. ಎರೆ ಮಣ್ಣು ಗಾಲಿಗೆ ಮೆತ್ತಿಕೊಂಡರೆ ತಿರುಗಿಸಲು ಎರಡು ಪಟ್ಟು ಜೋರು ಬೇಕು, ಹೊಸ ಬುಷ್ ಬೇಗ ಹೋಗುತ್ತದೆ.

ಮೈದಾನದ_ಮೇಷ್ಟ್ರು

ಸರಿ ಅಕ್ಕಾ. ಬಲಗಾಲಿಯ ಬುಷ್ ದಸರಾ ರಜೆಯಲ್ಲಿ ಮಾಡಿಸುತ್ತೇನೆ. ಲೇತ್ ಅಣ್ಣಾ, ಒಂದು ಗನ್‌ಮೆಟಲ್ ತುಂಡು ಎತ್ತಿಟ್ಟಿರಿ.

ಕಪನೂರ_ಲೇತ್

ಎತ್ತಿಟ್ಟಿದ್ದೇನೆ ಸರ್. ಸ್ಪಿಂಡಲ್ ಜೊತೆ ತನ್ನಿ, ಅಳತೆ ಚೀಟಿ ಮಾತ್ರ ಕಳಿಸಬೇಡಿ.